ಅಗ್ಗದ ಗಾಲ್ಫ್ ಚೆಂಡು ಸಾಕೇ?

ಪ್ರಶ್ನೆ: ವಾರಕ್ಕೊಮ್ಮೆ ಆಡುತ್ತೇನೆ. ಒಂದು ಸುತ್ತಿನ ಆಟದಲ್ಲಿ 100 ಹೊಡೆತ ದಾಟುತ್ತದೆ, ಮೂರ್ನಾಲ್ಕು ಚೆಂಡು ಕಳೆದೇಹೋಗುತ್ತವೆ. ದುಬಾರಿ ಚೆಂಡು ಬೇಕೇ? ನೀರಿನಿಂದ ಎತ್ತಿ ಮಾರುವ ಹಳೆಯ ಚೆಂಡು ಕೊಳ್ಳಬಹುದೇ?

ಉತ್ತರ: ದುಬಾರಿಯದು ಬೇಡ. ರಬ್ಬರ್ ತಿರುಳು, ಅಯೋನೊಮರ್ (ಗಟ್ಟಿ ಪ್ಲಾಸ್ಟಿಕ್) ಹೊದಿಕೆ ಇರುವ ಎರಡು ಪದರದ ಚೆಂಡು ನಿಮಗೆ ಧಾರಾಳವಾಗಿ ಸಾಕು. ಡ್ರೈವರ್ (ಅತಿ ದೂರ ಹೊಡೆಯುವ ಕೋಲು) ಹೊಡೆತಕ್ಕೆ ಸ್ಪಿನ್ ಕಡಿಮೆ, ಮರಕ್ಕೆ ಬಡಿದರೂ ಬೇಗ ತರಚುವುದಿಲ್ಲ. ಸ್ಲೈಸ್, ಅಂದರೆ ಚೆಂಡು ಪಕ್ಕಕ್ಕೆ ಬಾಗಿ ಹಾರುವುದು, ತುಸು ತಗ್ಗೀತು. ಪೂರ್ತಿ ಹೋಗಬೇಕಾದರೆ ಸ್ವಿಂಗ್, ಅಂದರೆ ಕೋಲು ಬೀಸುವ ರೀತಿ, ತಿದ್ದಿಕೊಳ್ಳಬೇಕು, ಚೆಂಡಿನಿಂದ ಆಗುವ ಕೆಲಸವಲ್ಲ.

ಬೆಲೆಯ ವ್ಯತ್ಯಾಸ ಕಾಣುವುದು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಬಳಿ. ದುಬಾರಿ ಚೆಂಡಿನ ಯುರೆಥೇನ್ ಹೊದಿಕೆ ಮೃದು. ವೆಜ್‌ನ (ಹತ್ತಿರದಿಂದ ಎತ್ತಿ ಹೊಡೆಯುವ ಕೋಲಿನ) ಗೀರುಗಳು ಅದನ್ನು ಕಚ್ಚಿ ಹಿಡಿಯುವುದರಿಂದ ಸ್ಪಿನ್ ಹೆಚ್ಚಿ, ಬಿದ್ದ ಚೆಂಡು ಬೇಗ ನಿಲ್ಲುತ್ತದೆ. ಅಯೋನೊಮರ್ ಚೆಂಡು ಇನ್ನಷ್ಟು ಉರುಳುತ್ತದೆ. ಹಾಗಾಗಿ ಚಿಪ್ ಮಾಡುವಾಗ (ಗ್ರೀನ್ ಪಕ್ಕದಿಂದ ಮೆಲ್ಲಗೆ ಎತ್ತಿ ಹೊಡೆಯುವಾಗ) ಕುಳಿಗಿಂತ ಸಾಕಷ್ಟು ಮೊದಲೇ ಬೀಳಿಸಿ.

ಕಂಪ್ರೆಶನ್ (ಒತ್ತಿದಾಗ ಚೆಂಡು ಎಷ್ಟು ಕುಗ್ಗುತ್ತದೆ ಎಂಬ ಅಳತೆ) ಸಂಖ್ಯೆಗೆ ತಲೆ ಕೆಡಿಸಿಕೊಳ್ಳಬೇಡಿ. 60ರ ಆಸುಪಾಸಿನದು ಮೆತ್ತಗೆ, 90ರದು ಗಟ್ಟಿ ಅನಿಸುತ್ತದೆ, ಅಷ್ಟೇ. ಎರಡು ಬಗೆಯ ಚೆಂಡು ತಂದು ಮೊದಲು ಪಟ್ (ಗ್ರೀನ್ ಮೇಲೆ ಉರುಳಿಸುವ ಹೊಡೆತ), ಆಮೇಲೆ ಚಿಪ್, ಕೊನೆಗೆ ಐರನ್ (ಲೋಹದ ತಲೆಯ ನಡು ದೂರದ ಕೋಲು) ಮತ್ತು ಡ್ರೈವರ್‌ನಲ್ಲಿ ಹೋಲಿಸಿ. ಒಂದನ್ನು ಆರಿಸಿದ ಮೇಲೆ ಅದನ್ನೇ ಆಡಿ. ದಿನಕ್ಕೊಂದು ಬಗೆಯಾದರೆ ದೂರದ ಅಂದಾಜೇ ಕೂರುವುದಿಲ್ಲ.

ಹಳೆಯ ಚೆಂಡು ಕೊಳ್ಳಬಹುದು, ಆದರೆ ಬರೀ ತೊಳೆದದ್ದನ್ನು. ಬಹುಕಾಲ ನೀರಿನಲ್ಲಿದ್ದದ್ದು ದೂರ ಕಳೆದುಕೊಂಡಿರಬಹುದು. ಬಣ್ಣ ಮಾಸಿದ್ದು, ಬಿರುಕು ಬಿಟ್ಟದ್ದು ಬೇಡ. ಮತ್ತೆ ಬಣ್ಣ ಹೊಡೆದು ಮುದ್ರೆ ಒತ್ತಿದ ಚೆಂಡಂತೂ ಬೇಡವೇ ಬೇಡ: ಹೊಸ ಬಣ್ಣದಡಿ ಗಾಯ ಅಡಗಿರುತ್ತದೆ, ಡಿಂಪಲ್‌ಗಳಲ್ಲಿ (ಮೈಮೇಲಿನ ಸಣ್ಣ ಗುಳಿಗಳಲ್ಲಿ) ಬಣ್ಣ ತುಂಬಿದರೆ ಹಾರಾಟವೂ ಕೆಡುತ್ತದೆ.