ಅಮೆರಿಕದ ಸುಪ್ರೀಂ ಕೋರ್ಟ್ ನೇಮಕದಲ್ಲಿ ಹಳೆಯ ಆರೋಪಗಳು ಬಂದಾಗ ಮತಗಳು ಪಕ್ಷದ ಪ್ರಕಾರವೇ ಬೀಳುವುದೇಕೆ?

ಅಧ್ಯಕ್ಷರು ಆರಿಸಿದವರಿಗೆ ಒಪ್ಪಿಗೆ ಕೊಡುವುದು ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್. ಅವರನ್ನು ಮೊದಲು ವಿಚಾರಿಸುವ ಸೆನೆಟ್‌ನ ನ್ಯಾಯಾಂಗ ಸಮಿತಿ ಕೋರ್ಟ್ ಅಲ್ಲ. ಎಷ್ಟು ಪುರಾವೆ ಇದ್ದರೆ ಸಾಕು ಎಂಬ ನಿಯಮವೇ ಅಲ್ಲಿಲ್ಲ, ಹಾಗಾಗಿ ಒಬ್ಬೊಬ್ಬ ಸೆನೆಟರ್‌ಗೂ ಒಂದೊಂದು ಅಳತೆಗೋಲು.

ಮೊದಲು ಪರಿಸ್ಥಿತಿ ಇಷ್ಟು ಬಿಗಿಯಾಗಿರಲಿಲ್ಲ. 1991ರಲ್ಲಿ ರಿಪಬ್ಲಿಕನ್ ಅಧ್ಯಕ್ಷರು ಆರಿಸಿದ್ದ ಕ್ಲಾರೆನ್ಸ್ ಥಾಮಸ್ ವಿರುದ್ಧ, ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದ್ದ ಅನಿತಾ ಹಿಲ್ ಲೈಂಗಿಕ ಕಿರುಕುಳದ ಸಾಕ್ಷ್ಯ ನುಡಿದರು, ಥಾಮಸ್ ಅಲ್ಲಗಳೆದರು. ಸೆನೆಟ್‌ನಲ್ಲಿ ಡೆಮಾಕ್ರಟರದೇ ಬಹುಮತವಿದ್ದರೂ ಅವರಲ್ಲಿ 11 ಮಂದಿ ಥಾಮಸ್ ಪರ ನಿಂತರು: 52-48.

2017ರಲ್ಲಿ ನ್ಯಾಯಾಧೀಶ ನೀಲ್ ಗೋರ್ಸಚ್ ನೇಮಕದ ವೇಳೆ ರಿಪಬ್ಲಿಕನ್ನರು ಚರ್ಚೆ ಮುಗಿಸಲು ಬೇಕಿದ್ದ 60 ಮತಗಳ ನಿಯಮ ಕಿತ್ತುಹಾಕಿ ಸರಳ ಬಹುಮತ ಸಾಕೆಂದರು. ಎದುರು ಪಕ್ಷವನ್ನು ಒಪ್ಪಿಸುವ ಅಗತ್ಯವೇ ತಪ್ಪಿತು. ನನ್ನ ಪ್ರಕಾರ ನಿಜವಾದ ತಿರುವು ಇದೇ.

2018ರಲ್ಲಿ ರಿಪಬ್ಲಿಕನ್ ಅಧ್ಯಕ್ಷರು ಆರಿಸಿದ್ದ ಬ್ರೆಟ್ ಕ್ಯಾವನಾ ಹದಿಹರೆಯದಲ್ಲಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರೆಂದು ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಬರೆದ ಪತ್ರ ಜುಲೈ ಕೊನೆಗೇ ಡೆಮಾಕ್ರಟ್ ಸೆನೆಟರ್ ಫೈನ್‌ಸ್ಟೈನ್ ಕೈ ಸೇರಿತ್ತು. ಗುಟ್ಟಾಗಿಡಿ ಎಂದು ಫೋರ್ಡ್ ಕೇಳಿಕೊಂಡಿದ್ದರು. ವಿಷಯ ಬಯಲಾಗಿದ್ದು ಸೆಪ್ಟೆಂಬರ್‌ನಲ್ಲಿ, ಮೊದಲ ಸುತ್ತಿನ ವಿಚಾರಣೆ ಮುಗಿದ ಮೇಲೆ. ಆ ವಿಳಂಬವೇ ರಿಪಬ್ಲಿಕನ್ನರ ಮುಖ್ಯ ವಾದವಾಯಿತು, ಆರೋಪದ ಸತ್ಯಾಸತ್ಯ ಹಿಂದೆ ಸರಿಯಿತು. ಕ್ಯಾವನಾ ಎಲ್ಲವನ್ನೂ ನಿರಾಕರಿಸಿದರು. ರಿಪಬ್ಲಿಕನ್ ಸೆನೆಟರ್ ಫ್ಲೇಕ್ ಪಟ್ಟು ಹಿಡಿದಿದ್ದರಿಂದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನಿಂದ ಒಂದು ವಾರದ ತನಿಖೆಯಾಯಿತು. ಆದರೆ ಇಂಥ ಹಿನ್ನೆಲೆ ತನಿಖೆಯ ವ್ಯಾಪ್ತಿ ಗೊತ್ತುಮಾಡುವುದು ಶ್ವೇತಭವನ. ಫೋರ್ಡ್ ಅವರನ್ನಾಗಲಿ ಕ್ಯಾವನಾ ಅವರನ್ನಾಗಲಿ ಎಫ್‌ಬಿಐ ಪ್ರಶ್ನಿಸಲೇ ಇಲ್ಲ. ಫಲಿತಾಂಶ 50-48. ಪರವಾಗಿ ಮತ ಹಾಕಿದ ಡೆಮಾಕ್ರಟ್ ಜೋ ಮಂಚಿನ್ ಒಬ್ಬರೇ.