ಮೊದಲು ಲಾಜಿಕ್ ಕ್ಲಾಸಿಗೆ ಸೇರಿ

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ಇಲ್ಲ, ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಡಿಗ್ರಿಯ ಮೊದಲ ಎರಡು ವರ್ಷ ಅಗ್ಗಕ್ಕೆ ಓದಬಹುದಾದ ಸರ್ಕಾರಿ ಕಾಲೇಜಿನಲ್ಲಿ, ಓದಿದ್ದು ಕಪ್ಪು ಚುಕ್ಕೆ ಆಗುವುದಿಲ್ಲ. ಕೊನೆಗೆ ಕೈಗೆ ಬರುವ ಡಿಗ್ರಿ ಯೂನಿವರ್ಸಿಟಿಯದು. ನೇರವಾಗಿ ಸೇರಿದವರಿಗೆ ಕೊಡುವ ಡಿಗ್ರಿಯನ್ನೇ ನಿಮಗೂ ಕೊಡುತ್ತಾರೆ.

ನೀವು ಬರೆದದ್ದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನಾ ನೋಡಿ. ಶಿವಮೊಗ್ಗದಲ್ಲಿ ಬಿ.ಎ. ಎರಡು ವರ್ಷ ಓದಿದ್ದೀರಿ. ಮದುವೆಯಾಗಿ ಫೆಬ್ರವರಿ ಎರಡನೇ ವಾರದಲ್ಲಿ ಗಂಡನ ಕೆಲಸದ ವೀಸಾದ ಜೊತೆ ಹೆಂಡತಿಗೆ ಸಿಗುವ ಎಚ್-4 ವೀಸಾದ ಮೇಲೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದಿದ್ದೀರಿ. ಕಮ್ಯುನಿಟಿ ಕಾಲೇಜಿಗೆ ಸೇರಿ, ಅಲ್ಲಿಂದ ಯೂನಿವರ್ಸಿಟಿಗೆ ಹೋಗಿ ಫಿಲಾಸಫಿ ಓದಬೇಕು ಅಂತ ಆಸೆ. ಮನೆಯಲ್ಲಿ "ಓದೋದಾದ್ರೆ ಕಂಪ್ಯೂಟರ್ ಓದು" ಅನ್ನುತ್ತಿದ್ದಾರೆ. ಫೀಸು ಎಷ್ಟು, ಹಳೆಯ ಎರಡು ವರ್ಷ ಲೆಕ್ಕಕ್ಕೆ ಬರುತ್ತಾ, ಮುಂದೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ.

ನಾನು 2008ರಲ್ಲಿ ತಿಪಟೂರಿನಿಂದ ಬಂದವಳು, ನಿಮ್ಮ ಹಾಗೆಯೇ ಎಚ್-4ನಲ್ಲಿ. ಇದೇ ದಾರಿಯಲ್ಲಿ ನಡೆದು ಫಿಲಾಸಫಿಯಲ್ಲಿ ಬಿ.ಎ. ಮಾಡಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಫೀಸಿನ ವಿಷಯ ಮೊದಲು, ಯಾಕೆಂದರೆ ಅಲ್ಲಿ ದಿನಾಂಕದ ಲೆಕ್ಕ ಇದೆ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಯೂನಿಟ್ಟಿಗೆ (ಕ್ಲಾಸನ್ನು ಅಳೆಯುವ ಲೆಕ್ಕ ಅದು) 46 ಡಾಲರ್. ಮೂರು ಯೂನಿಟ್ಟಿನ ಒಂದು ಕ್ಲಾಸಿಗೆ 138 ಡಾಲರ್ ಆಯಿತು. ಟ್ರಾನ್ಸ್‌ಫರ್‌ಗೆ ಅಂದರೆ ಯೂನಿವರ್ಸಿಟಿಗೆ ದಾಟಲು ಬೇಕಾದ 60 ಯೂನಿಟ್ಟಿಗೆ 2,760 ಡಾಲರ್. ಪುಸ್ತಕ, ಪಾರ್ಕಿಂಗ್ ಬೇರೆ. ನಿವಾಸಿ ಅಲ್ಲದವರಿಗೆ ಇದೇ ಯೂನಿಟ್ಟಿಗೆ ಇದರ ಹಲವು ಪಟ್ಟು ಬೀಳುತ್ತದೆ. ಎಚ್-4ನವರಿಗೆ ಇಲ್ಲಿ ನಿವಾಸಿ ಅನ್ನಿಸಿಕೊಳ್ಳಲು ಅವಕಾಶ ಇದೆ. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಇಲ್ಲ. ಆದರೆ ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ನೀವು ರಾಜ್ಯದಲ್ಲಿ ಒಂದು ವರ್ಷ ಪೂರ್ತಿ ಕಳೆದಿರಬೇಕು, ಇಲ್ಲೇ ಇರುವ ಉದ್ದೇಶ ಇದೆ ಅಂತ ತೋರಿಸಬೇಕು.

ಈಗ ನಿಮ್ಮ ಲೆಕ್ಕ ನೋಡಿ. ನೀವು ಬಂದದ್ದು ಫೆಬ್ರವರಿಯಲ್ಲಿ, ಒಂದು ವರ್ಷ ತುಂಬುವುದೂ ಫೆಬ್ರವರಿಯಲ್ಲೇ. ಸ್ಪ್ರಿಂಗ್ ಟರ್ಮ್ ಸಾಮಾನ್ಯವಾಗಿ ಜನವರಿಯಲ್ಲೇ ಶುರುವಾಗುತ್ತದೆ. ಕೆಲವೇ ವಾರಗಳಲ್ಲಿ ತಪ್ಪಿಹೋಗುತ್ತದೆ! ಆತುರಪಟ್ಟು ಆ ಟರ್ಮಿನಲ್ಲಿ ನಾಲ್ಕು ಕ್ಲಾಸಿಗೆ ಹೆಸರು ಕೊಟ್ಟರೆ ಸುಮ್ನೆ ಸಾವಿರಾರು ಡಾಲರ್ ಜಾಸ್ತಿ ಕೊಟ್ಟ ಹಾಗೆ. ಬೇಸಿಗೆ ಟರ್ಮಿಗೆ ಕಾಯಿರಿ. ಅಲ್ಲಿಯವರೆಗೆ ಡ್ರೈವಿಂಗ್ ಲೈಸೆನ್ಸ್ ಮಾಡಿಸಿ. ಬ್ಯಾಂಕ್ ಖಾತೆಗೆ, ಬಾಡಿಗೆ ಕರಾರಿಗೆ ನಿಮ್ಮ ಹೆಸರನ್ನೂ ಸೇರಿಸಿ. ರಾಜ್ಯದ ತೆರಿಗೆ ಕಾಗದದಲ್ಲಿ ನಿಮ್ಮ ಹೆಸರು ಇರಲಿ. ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಿ. ಮುಂದೆ ಯೂನಿವರ್ಸಿಟಿಯೂ ತನ್ನದೇ ಲೆಕ್ಕದಲ್ಲಿ ಇದನ್ನು ಮತ್ತೆ ಕೇಳುತ್ತದೆ. ಯುಸಿಯಲ್ಲಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸುಗಳಲ್ಲಿ, ನಿವಾಸಿ ಅಲ್ಲ ಅಂತಾದರೆ ಮಾಮೂಲಿ ಫೀಸಿನ ಮೇಲೆ ವರ್ಷಕ್ಕೆ 30 ಸಾವಿರ ಡಾಲರ್‌ಗೂ ಹೆಚ್ಚು ಬೀಳುತ್ತದೆ.

ಹಳೆಯ ಎರಡು ವರ್ಷದ ಬಗ್ಗೆ. ಒಂದು ಅಕ್ಷರವನ್ನೂ ಮುಚ್ಚಿಡಬೇಡಿ. ಯುಸಿ ಅರ್ಜಿಯಲ್ಲಿ ನೀವು ಯಾವ ದೇಶದಲ್ಲಿ ಓದಿದ್ದರೂ ಪ್ರತಿ ಕಾಲೇಜನ್ನೂ, ಪ್ರತಿ ಅಂಕವನ್ನೂ ಬರೆಯಲೇಬೇಕು. ಎಷ್ಟು ಯೂನಿಟ್ ಒಪ್ಪುತ್ತಾರೆ ಅನ್ನುವುದು ಅವರಿಗೆ ಬಿಟ್ಟದ್ದು. ಇಂಗ್ಲಿಷ್ ಬರವಣಿಗೆಯ ಕ್ಲಾಸುಗಳನ್ನಂತೂ ಇಲ್ಲೇ ಹೊಸದಾಗಿ ಮಾಡಬೇಕು ಅಂದುಕೊಂಡೇ ಹೊರಡಿ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನೂ ಜೋಪಾನ ಮಾಡಿ. ನನ್ನ ಕಾಲದಲ್ಲಿ ಯೂನಿವರ್ಸಿಟಿಗೆ ಹೋಗುವ ಮುಂಚೆ ಮುಗಿಸಬೇಕಾದ ಕ್ಲಾಸುಗಳ ಐಗೆಟ್ಸಿ ಅನ್ನುವ ಪಟ್ಟಿ ಇತ್ತು. ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ ಎಲ್ಲದರಲ್ಲೂ ಇಷ್ಟಿಷ್ಟು ಕ್ಲಾಸು ಅಂತ. ಅದರಲ್ಲಿ ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ ಗೊತ್ತಿರಬೇಕು ಅಂತಲೂ ಇತ್ತು. ನಾನು ಹತ್ತನೇವರೆಗೂ ಕನ್ನಡ ಮೀಡಿಯಂ. ಕಾಲೇಜಿನ ಕೌಂಟರಿನಲ್ಲಿ ಮಾರ್ಕ್ಸ್ ಕಾರ್ಡನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ಇಟ್ಟೆ. ಅಲ್ಲಿ ಕೂತಿದ್ದಾಕೆ ನೋಡಿ ಒಂದು ಗುರುತು ಹಾಕಿದರು, ಆ ಭಾಗ ಮುಗಿಯಿತು. ಊರಿನಲ್ಲಿ ಕನ್ನಡ ಮೀಡಿಯಂ ಅಂತ ಹೇಳಿಕೊಳ್ಳಲು ಹಿಂಜರಿದವಳು ನಾನು. ಅವತ್ತು ಕಾರಿನಲ್ಲಿ ಕೂತು ಸ್ವಲ್ಪ ಹೊತ್ತು ಅತ್ತೆ. 2025ರ ಫಾಲ್ ಟರ್ಮಿನಿಂದ ಹೊಸಬರಿಗೆ ಆ ಪಟ್ಟಿಯ ಜಾಗದಲ್ಲಿ ಕ್ಯಾಲ್-ಗೆಟ್ಸಿ ಬಂದಿದೆ. ಅದರಲ್ಲಿ ಭಾಷೆಯ ಭಾಗ ಇಲ್ಲ. ಆದರೂ ಕೆಲವು ಕಡೆ ಡಿಗ್ರಿಯ ಹಂತದಲ್ಲಿ ಕೇಳುತ್ತಾರೆ.

ಈಗ ನಾನು ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಟ್ರಾನ್ಸ್‌ಫರ್ ಆಗುವವರು ಯೂನಿವರ್ಸಿಟಿಗೆ ಮೂರನೇ ವರ್ಷಕ್ಕೆ ಹೋಗುತ್ತಾರೆ. ಅಲ್ಲಿ ಎರಡು ವರ್ಷ ಹಿಂದೆಯೇ ಸೇರಿದವರಿಗೆ ಮೇಷ್ಟರು ಗೊತ್ತು, ಹೇಗೆ ಬರೆಯಬೇಕು ಗೊತ್ತು. ನಮಗೆ ಇರುವುದು ಎರಡೇ ವರ್ಷ. ಬರ್ಕ್ಲಿ, ಮರ್ಸೆಡ್ ಬಿಟ್ಟು ಉಳಿದ ಯುಸಿಗಳಲ್ಲಿ ಕ್ವಾರ್ಟರ್ ಪದ್ಧತಿ ಬೇರೆ, ಹತ್ತು ವಾರದಲ್ಲಿ ಒಂದು ಕ್ಲಾಸು ಮುಗಿದೇ ಹೋಗುತ್ತದೆ. ಹಾಗಾಗಿ ಕಷ್ಟದ ಕೆಲಸವನ್ನು ಕಮ್ಯುನಿಟಿ ಕಾಲೇಜಿನಲ್ಲೇ ಮಾಡಿಕೊಳ್ಳಿ. ಸುಲಭದ್ದನ್ನು ಇಲ್ಲಿ ಮುಗಿಸಿ, ಕಷ್ಟದ್ದನ್ನು ಅಲ್ಲಿ ನೋಡಿಕೊಳ್ಳೋಣ ಅಂತ ಎಲ್ಲರೂ ಹೇಳುತ್ತಾರೆ. ಫಿಲಾಸಫಿಗೆ ಅದು ತಪ್ಪು ಸಲಹೆ. ಕಷ್ಟದ್ದು ಅಂದರೆ ಎರಡೇ: ಲಾಜಿಕ್ ಮತ್ತು ಬರವಣಿಗೆ.

ನಾನು ಲಾಜಿಕ್‌ನಲ್ಲಿ ಎಡವಿದೆ. ಯೂನಿವರ್ಸಿಟಿಗೆ ಬೇಕಿದ್ದದ್ದು ಸಿಂಬಾಲಿಕ್ ಲಾಜಿಕ್, ಅಂದರೆ ಮಾತನ್ನು ಚಿಹ್ನೆಗಳಲ್ಲಿ ಬರೆದು ಸಾಧಿಸುವುದು. ನನ್ನ ಕಾಲೇಜಿನಲ್ಲಿ ಕ್ರಿಟಿಕಲ್ ಥಿಂಕಿಂಗ್ ಅಂತ ಇನ್ನೊಂದು ಕ್ಲಾಸು ಇತ್ತು. "ಎರಡೂ ಒಂದೇ, ಇದು ಸುಲಭ, ಇದನ್ನೇ ತಗೊಳ್ಳಿ" ಅಂತ ಸಲಹೆಗಾರರೊಬ್ಬರು ಹೇಳಿದರು. ನಾನು ನಂಬಿದೆ. ಟ್ರಾನ್ಸ್‌ಫರ್ ಆದ ಮೇಲೆ ಗೊತ್ತಾಯಿತು, ಎರಡೂ ಒಂದಲ್ಲ. ಲಾಜಿಕ್ ಮುಗಿಸದೆ ನನಗೆ ಬೇಕಾದ ಮೇಲಿನ ಕ್ಲಾಸುಗಳಿಗೆ ಬಿಡುತ್ತಿರಲಿಲ್ಲ. ಕಾಲೇಜಿನಲ್ಲಿ ಅಗ್ಗಕ್ಕೆ ಮುಗಿಯಬೇಕಿದ್ದ ಕ್ಲಾಸಿಗೆ ಯೂನಿವರ್ಸಿಟಿಯ ಬೆಲೆ ಕೊಟ್ಟೆ, ಡಿಗ್ರಿಯೂ ಮುಂದಕ್ಕೆ ಹೋಯಿತು.

ಅಸಿಸ್ಟ್ ಅನ್ನುವ ರಾಜ್ಯದ ಅಧಿಕೃತ ವೆಬ್‌ಸೈಟ್ ಇದೆ. ನಿಮ್ಮ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ವಿಷಯ ಫಿಲಾಸಫಿ, ಈ ಮೂರನ್ನು ಆರಿಸಿದರೆ ಯಾವ ಕ್ಲಾಸು ಯಾವುದಕ್ಕೆ ಸಮ ಅಂತ ಅಕ್ಕಪಕ್ಕ ತೋರಿಸುತ್ತದೆ. ಬರ್ಕ್ಲಿಯನ್ನು ತೆಗೆದುಕೊಂಡರೆ ಅಲ್ಲಿ ಲಾಜಿಕ್, ಪ್ರಾಚೀನ ಗ್ರೀಕ್ ಫಿಲಾಸಫಿ, ಆಮೇಲೆ ಡೆಕಾರ್ಟ್‌ನಿಂದ ಕಾಂಟ್‌ವರೆಗಿನ ಯುರೋಪಿನ ಫಿಲಾಸಫಿ, ಈ ಮೂರು ಬುನಾದಿ. ಸಲಹೆಗಾರರ ಹತ್ತಿರ ಖಂಡಿತ ಹೋಗಿ. ಆದರೆ ಆ ಪುಟವನ್ನು ಪ್ರಿಂಟ್ ಮಾಡಿಸಿಕೊಂಡು ಹೋಗಿ.

ಲಾಜಿಕ್ ಅಂದರೆ ಹೆದರಬೇಡಿ. ನನಗೆ ಅದು ಕನ್ನಡದಲ್ಲೇ ಬಿಡಿಸಿಕೊಂಡದ್ದು. ಇಂಗ್ಲಿಷಿನ 'ಇಫ್' ಮತ್ತು 'ಓನ್ಲಿ ಇಫ್' ಎರಡರಲ್ಲಿ 'ಇದಾದರೆ ಅದು' ಅನ್ನುವ ಬಾಣದ ಚಿಹ್ನೆಯನ್ನು ಯಾವ ಕಡೆಗೆ ಹಾಕಬೇಕು ಅಂತ ಎರಡು ವಾರ ಒದ್ದಾಡಿದೆ. ಒಂದು ರಾತ್ರಿ ಪಾತ್ರೆ ತೊಳೆಯುವಾಗ ಊರಿನ ಸಿನಿಮಾ ಟೆಂಟಿನ ಗೇಟು ನೆನಪಾಯಿತು. "ಟಿಕೆಟ್ ಇದ್ದರೆ ಒಳಗೆ ಬಿಡ್ತಾರೆ." "ಟಿಕೆಟ್ ಇದ್ದರೆ ಮಾತ್ರ ಒಳಗೆ ಬಿಡ್ತಾರೆ." ಎರಡನೆಯದನ್ನು ಕೇಳಿದಾಗ, ಒಳಗೆ ಇರುವವರ ಹತ್ತಿರ ಟಿಕೆಟ್ ಇದೆ ಅಂತ ಹೇಳಬಹುದು. ಟಿಕೆಟ್ ಇರುವವರೆಲ್ಲ ಒಳಗಿದ್ದಾರೆ ಅಂತ ಹೇಳಲು ಬರುವುದಿಲ್ಲ, ಸೀಟು ತುಂಬಿರಬಹುದು. ಬಾಣ 'ಒಳಗೆ' ಇಂದ 'ಟಿಕೆಟ್' ಕಡೆಗೆ. ಆಮೇಲೆ ಆ ಲೆಕ್ಕ ನಾನು ತಪ್ಪಲೇ ಇಲ್ಲ.

ಬರವಣಿಗೆ ಇನ್ನೂ ಕಷ್ಟವಾಯಿತು. ನನ್ನ ಮೊದಲ ಪೇಪರು ಐದು ಪುಟ, ಡೆಕಾರ್ಟ್ ಮೇಲೆ. ಊರಿನ ಪರೀಕ್ಷೆಯಲ್ಲಿ ಬರೆದ ಹಾಗೆ ದೊಡ್ಡ ಮಾತುಗಳಿಂದ ತುಂಬಿಸಿದ್ದೆ. ವಾಪಸ್ ಬಂದಾಗ ಅಂಚಿನಲ್ಲೆಲ್ಲ ಹಸಿರು ಪೆನ್ನಿನಲ್ಲಿ ಒಂದೇ ಪ್ರಶ್ನೆ: ಇದನ್ನು ಹೇಳುತ್ತಿರುವವರು ಯಾರು, ನೀವಾ ಅವರಾ? ಏಳು ಕಡೆ ಹಾಗೆ ಬರೆದಿದ್ದರು. ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು, ನಮ್ಮಲ್ಲಿ 'ಅಂತೆ' ಇದೆ ಅಲ್ವಾ! "ಮಳೆ ಬಂತು" ಅಂದರೆ ನಾನು ಕಂಡದ್ದು, "ಮಳೆ ಬಂತಂತೆ" ಅಂದರೆ ಯಾರೋ ಹೇಳಿದ್ದು. ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಕನ್ನಡ ಮಾಡಿ, ಇಲ್ಲಿ 'ಅಂತೆ' ಸೇರುತ್ತಾ ಅಂತ ಕೇಳಿಕೊಂಡೆ. ಸೇರಿದರೆ ಅದು ಡೆಕಾರ್ಟ್‌ನ ಮಾತು, ಅವನ ಹೆಸರು ಹಾಕಬೇಕು. ಸೇರದಿದ್ದರೆ ಅದು ನನ್ನದು, ಕಾರಣವನ್ನು ನಾನೇ ಕೊಡಬೇಕು. ಎರಡನೇ ಪೇಪರಿನಲ್ಲಿ ಹಸಿರು ಪೆನ್ನು ಒಂದೇ ಕಡೆ ಇತ್ತು.

ಇದನ್ನೆಲ್ಲ ಕಲಿಯಲು ಕಮ್ಯುನಿಟಿ ಕಾಲೇಜು ಒಳ್ಳೆಯ ಜಾಗ. ನನ್ನ ಕ್ಲಾಸಿನಲ್ಲಿ ಮೂವತ್ತು ಜನ ಇದ್ದೆವು, ಪಾಠ ಮಾಡಿದವರೇ ಪೇಪರು ತಿದ್ದುತ್ತಿದ್ದರು. ಆಫೀಸ್ ಅವರ್ಸ್‌ನಲ್ಲಿ, ಅಂದರೆ ಮೇಷ್ಟರು ವಿದ್ಯಾರ್ಥಿಗಳಿಗಾಗಿ ಮೀಸಲಿಟ್ಟ ಹೊತ್ತಿನಲ್ಲಿ, ನಾನೊಬ್ಬಳೇ ಕೂತು ಒಂದು ಪ್ಯಾರಾವನ್ನು ಮುಕ್ಕಾಲು ಗಂಟೆ ಅವರ ಜೊತೆ ಓದಿದ್ದೇನೆ. ಯೂನಿವರ್ಸಿಟಿಯಲ್ಲಿ ಶುರುವಿನ ಕ್ಲಾಸುಗಳು ದೊಡ್ಡ ಹಾಲಿನಲ್ಲಿ ನಡೆಯುತ್ತವೆ, ತಿದ್ದುವವರು ಹೆಚ್ಚಾಗಿ ಪಿಎಚ್.ಡಿ. ವಿದ್ಯಾರ್ಥಿಗಳು. ವಾರಕ್ಕೊಮ್ಮೆ ಆಫೀಸ್ ಅವರ್ಸ್‌ಗೆ ಹೋಗಿ, ಪ್ರಶ್ನೆ ಚಿಕ್ಕದಾದರೂ ಪರವಾಗಿಲ್ಲ.

ಇದು ಹಿಂಬಾಗಿಲು ಅಂತ ಮನೆಯವರು ಅಂದರೆ ಹೇಳಿ, ಈ ದಾರಿಯನ್ನು 1960ರ ಉನ್ನತ ಶಿಕ್ಷಣದ ಮಾಸ್ಟರ್ ಪ್ಲಾನ್‌ನಲ್ಲಿ ರಾಜ್ಯವೇ ಹಾಕಿಕೊಟ್ಟದ್ದು. ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಮೊದಲ ವರ್ಷಕ್ಕೆ ಹೊಸದಾಗಿ ಸೇರುವ ಪ್ರತಿ ಇಬ್ಬರು ಫ್ರೆಶ್‌ಮನ್‌ಗೆ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿಯನ್ನು ತೆಗೆದುಕೊಳ್ಳಬೇಕು ಅನ್ನುವುದು ಯುಸಿಯ ಗುರಿ. ಆರು ಯುಸಿಗಳಲ್ಲಿ, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್‌ಗಳಲ್ಲಿ ಟ್ಯಾಗ್ ಅನ್ನುವ ಖಾತರಿ ಇದೆ. ಕೇಳಿದ ಕ್ಲಾಸು, ಕೇಳಿದ ಗ್ರೇಡು ಇದ್ದರೆ ಸೀಟು ಖಂಡಿತ. ಒಂದಕ್ಕೆ ಮಾತ್ರ ಹಾಕಬಹುದು, ಅರ್ಜಿ ಸೆಪ್ಟೆಂಬರಿನಲ್ಲಿ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೊಗಳಲ್ಲಿ ಈ ಖಾತರಿ ಇಲ್ಲ. ಟ್ಯಾಗ್ ಒಂದನ್ನು ಕೈಯಲ್ಲಿಟ್ಟುಕೊಂಡು, ಯುಸಿಯ ಮುಖ್ಯ ಅರ್ಜಿಯಲ್ಲಿ ಬರ್ಕ್ಲಿಗೂ ಹಾಕಿ. ಆ ಅರ್ಜಿಯ ಗಡುವು ನವೆಂಬರ್ ಕೊನೆಯ ಹೊತ್ತಿಗೆ. ರಾಜ್ಯದ ಇನ್ನೊಂದು ಯೂನಿವರ್ಸಿಟಿ ಸಮೂಹವಾದ ಕ್ಯಾಲ್ ಸ್ಟೇಟ್ ಕಡೆಗೆ ಫಿಲಾಸಫಿಯಲ್ಲೇ ಟ್ರಾನ್ಸ್‌ಫರ್‌ಗಾಗಿ ಮಾಡಿದ ಎರಡು ವರ್ಷದ ಡಿಗ್ರಿ ಹಲವು ಕಾಲೇಜುಗಳಲ್ಲಿ ಸಿಗುತ್ತದೆ. ಅದು ಇದ್ದರೆ ಕ್ಯಾಲ್ ಸ್ಟೇಟ್‌ನಲ್ಲಿ ಎಲ್ಲಾದರೂ ಒಂದು ಕಡೆ ಜಾಗ ಖಾತರಿ.

ಯುಸಿ ಅರ್ಜಿಯಲ್ಲಿ ನಾಲ್ಕು ಚಿಕ್ಕ ಉತ್ತರ ಬರೆಯಬೇಕು, ಒಂದೊಂದೂ 350 ಪದದ ಒಳಗೆ. ಟ್ರಾನ್ಸ್‌ಫರ್‌ನವರಿಗೆ ಕಡ್ಡಾಯದ ಪ್ರಶ್ನೆ ಒಂದಿದೆ: ಈ ವಿಷಯಕ್ಕೆ ಹೇಗೆ ತಯಾರಾಗಿದ್ದೀರಿ? ಭಾರತದ ಆಧ್ಯಾತ್ಮ, ಅಜ್ಜಿ ಹೇಳಿದ ಗೀತೆ ಅಂತ ಬರೆಯಲು ಕೈ ತುರಿಸುತ್ತದೆ. ಬೇಡ. ಕ್ಲಾಸಿನಲ್ಲಿ ನಿಮ್ಮನ್ನು ಬಿಡದೆ ಕಾಡಿದ ಒಂದು ವಾದವನ್ನು ಹಿಡಿದು ಬರೆಯಿರಿ.

ಭಾರತೀಯ ದರ್ಶನ ಸಿಗುತ್ತಾ ಅಂತಲೂ ಕೇಳಿದ್ದೀರಿ. ಕಡಿಮೆ. ಇಲ್ಲಿನ ಹೆಚ್ಚಿನ ವಿಭಾಗಗಳಲ್ಲಿ ಗ್ರೀಕರಿಂದ ಕಾಂಟ್‌ವರೆಗೆ, ಆಮೇಲೆ ಮನಸ್ಸು, ಭಾಷೆ, ನೀತಿ, ಲಾಜಿಕ್. ಇದು ನನಗೆ ಇವತ್ತಿಗೂ ನೋವಿನ ವಿಷಯ. ಆದರೆ ಒಂದು ದಿನ ಲೈಬ್ರರಿಯ ಕಪಾಟಿನಲ್ಲಿ ಎಂ. ಹಿರಿಯಣ್ಣನವರ 1932ರ ಪುಸ್ತಕ ಸಿಕ್ಕಿತು, ಮೈಸೂರಿನಲ್ಲಿ ಅವರು ಮಾಡಿದ ಪಾಠಗಳಿಂದ ಬೆಳೆದದ್ದು. ನೆಲದ ಮೇಲೆ ಕೂತು ನ್ಯಾಯ ದರ್ಶನದ, ಅಂದರೆ ನಮ್ಮ ತರ್ಕದ, ಅಧ್ಯಾಯ ಓದಿದೆ. ಲಾಜಿಕ್ ಕ್ಲಾಸು ಆಗಿದ್ದರಿಂದ ಅದು ಅರ್ಥವಾಯಿತು. ಊರಿನಲ್ಲಿ ಇದ್ದಿದ್ದರೆ ಅದನ್ನು ತೆರೆಯುತ್ತಲೇ ಇರಲಿಲ್ಲ.

ಕೆಲಸದ ಬಗ್ಗೆ ಸುಳ್ಳು ಹೇಳುವುದಿಲ್ಲ. ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ, ವೀಸಾ ಬದಲಿಸಬೇಕಿಲ್ಲ. ದುಡಿಯಲು ಮಾತ್ರ ಇಎಡಿ ಅನ್ನುವ ಕೆಲಸದ ಪರವಾನಗಿ ಬೇಕು. ಅದು ಸಿಗಲು ಸಾಮಾನ್ಯವಾಗಿ ನಿಮ್ಮ ಯಜಮಾನರ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿರಬೇಕು. ಎಫ್-1ಗೆ ಬದಲಾದರೂ ಫಿಲಾಸಫಿಗೆ ಓದಿನ ನಂತರ 12 ತಿಂಗಳ ಒಪಿಟಿ, ಅಂದರೆ ಕೆಲಸ ಮಾಡಲು ಅನುಮತಿ, ಮಾತ್ರ. ಕಂಪ್ಯೂಟರ್ ಓದಿದವರಿಗೆ ಸಿಗುವ ಇನ್ನೂ 24 ತಿಂಗಳು ನಮಗಿಲ್ಲ. ಈ ಲೆಕ್ಕವನ್ನು ಮನೆಯವರ ಜೊತೆ ಕೂತು ಮಾತಾಡಿ. ನಾನು ಡಿಗ್ರಿ ಆದ ಮೇಲೆ ಒಂದೂವರೆ ವರ್ಷ ಮನೆಯಲ್ಲೇ ಇದ್ದೆ. ಈಗ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಡುವ ಒಪ್ಪಿಗೆ ಪತ್ರಗಳನ್ನು ಓದಿ ತಿದ್ದುವ ಕೆಲಸ. ಆಪರೇಷನ್‌ಗೆ ಮುಂಚೆ ಸಹಿ ಹಾಕುವವರಿಗೆ ಯಾವುದು ಖಂಡಿತ, ಯಾವುದು ಹೀಗಾದರೆ ಮಾತ್ರ ಅಂತ ಸ್ಪಷ್ಟವಾಗಿ ಗೊತ್ತಾಗಬೇಕು. ಅದೇ ಟಿಕೆಟ್ಟಿನ ವಾಕ್ಯ, ದಿನಾ. ಈ ಕೆಲಸ ನನಗೆ ತುಂಬಾ ಇಷ್ಟ.

ಬೇಸಿಗೆಗೆ ಇನ್ನೂ ಟೈಮಿದೆ. ಅಲ್ಲಿಯವರೆಗೆ ಹತ್ತಿರದ ಅಡಲ್ಟ್ ಸ್ಕೂಲಿನಲ್ಲಿ ಇಂಗ್ಲಿಷ್ ಬರವಣಿಗೆಯ ಕ್ಲಾಸಿಗೆ ಹೋಗಿ. ಸಿಂಬಾಲಿಕ್ ಲಾಜಿಕ್ ಪ್ರತಿ ಟರ್ಮಿನಲ್ಲೂ ಇರುವುದಿಲ್ಲ, ಯಾವಾಗ ಇದೆ ಅಂತ ಈಗಲೇ ನೋಡಿಡಿ. ಸೀಟು ತುಂಬಿದ್ದರೆ ವೇಟ್‌ಲಿಸ್ಟಿಗೆ ಹೆಸರು ಕೊಟ್ಟು ಮೊದಲ ದಿನ ಹೋಗಿ ಕೂತುಬಿಡಿ. ಎರಡನೇ ವಾರದ ಹೊತ್ತಿಗೆ ಬಿಡುವವರು ಇದ್ದೇ ಇರುತ್ತಾರೆ. ನಿಮ್ಮ ಕಾಲೇಜು ಯಾವುದು ಅಂತ ತೀರ್ಮಾನವಾದ ಮೇಲೆ ತಿಳಿಸಿ, ಅಸಿಸ್ಟ್ ಪುಟವನ್ನು ಇಬ್ಬರೂ ಕೂತು ನೋಡೋಣ. ಶನಿವಾರ ಬೆಳಿಗ್ಗೆ ನನಗೆ ಬಿಡುವು.