ಪ್ರತಿಕ್ರಿಯೆ: ಇಸ್ರೇಲ್‌ನಲ್ಲಿ ಅಕ್ಕನ ಆರೈಕೆ ಕೆಲಸ, ರಜೆ ಮತ್ತು ಪಾಸ್‌ಪೋರ್ಟ್

ಇಸ್ರೇಲ್‌ನಲ್ಲಿ ಒಬ್ಬ ಅಜ್ಜಿಯನ್ನು ಕೆಲಸವಾಗಿ ನೋಡಿಕೊಳ್ಳುತ್ತಾ ಅವರ ಮನೆಯಲ್ಲೇ ಇರುವ ನಿಮ್ಮ ಅಕ್ಕನಿಗೆ ರಜೆಯಿಲ್ಲ, ಪಾಸ್‌ಪೋರ್ಟ್ ಅಜ್ಜಿಯ ಮಗನ ಬಳಿ ಇದೆ, ರಾತ್ರಿ ಎದ್ದದ್ದಕ್ಕೆ ಓಟಿ (ಹೆಚ್ಚುವರಿ ಗಂಟೆಗಳ ಸಂಬಳ) ಸಿಗುತ್ತದಾ ಅಂತ ಕೇಳಿದ್ದೀರಿ.

ಓಟಿ ಆಸೆ ಬಿಡಿ. ಮನೆಯಲ್ಲೇ ಉಳಿಯುವ ಆರೈಕೆದಾರರಿಗೆ ಕೆಲಸದ ಗಂಟೆಗಳ ಕಾನೂನು ಅನ್ವಯಿಸದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅನ್ಯಾಯವೇ, ಆದರೆ ಸದ್ಯಕ್ಕೆ ಹಾಗಿದೆ.

ರಜೆ ಬೇರೆ ವಿಷಯ. ವಾರಕ್ಕೊಮ್ಮೆ ಸತತ 25 ಗಂಟೆ ಬಿಡುವು ಅವರ ಹಕ್ಕು. ಆ ಬಿಡುವಿನ ದಿನವೂ ಒಪ್ಪಿ ದುಡಿದರೆ ಅದಕ್ಕೆ ಹೆಚ್ಚುವರಿ ಹಣ ಕೊಡಬೇಕು. ಹಾಗೆ ದುಡಿದ ತಾರೀಖುಗಳನ್ನು ಅಂದಂದೇ ಬರೆದಿಡಲಿ, ಸಂಬಳದ ಚೀಟಿ ಪ್ರತಿ ತಿಂಗಳೂ ಕೇಳಿ ಪಡೆಯಲಿ. ಬಾಯಿಮಾತಿನ ಲೆಕ್ಕ ಆಮೇಲೆ ನಿಲ್ಲುವುದಿಲ್ಲ.

ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಅಲ್ಲಿ ಅಪರಾಧ. ಮೊದಲು ವಾಟ್ಸಾಪ್‌ನಲ್ಲಿ ಬರೆದು ಕೇಳಲಿ, ಸಾಕ್ಷಿ ಉಳಿಯುತ್ತದೆ. ಕೊಡದಿದ್ದರೆ ಕಾರ್ಮಿಕರ ಹಕ್ಕುಗಳಿಗೆ ನೆರವಾಗುವ ಟೆಲ್ ಅವೀವ್‌ನ ಕಾವ್ ಲಾಓವೆದ್ ಸಂಸ್ಥೆಯನ್ನು ಸಂಪರ್ಕಿಸಲಿ. ಸಿಟ್ಟಿನಲ್ಲಿ ಮನೆ ಬಿಟ್ಟು ಹೊರಡುವುದು ಮಾತ್ರ ಬೇಡ, ವೀಸಾಕ್ಕೇ ತೊಂದರೆ.